ಕೆಳಮನೆಯ ಹೊಸ್ತಿಲು

ಊರು ಕಡಲಿನಲ್ಲಿ ಮುಳುಗಿದ ಮೇಲೆ ಅಲ್ಲಿ ಏಳುವ ಅಲೆಗಳಿಗೆ ಮನೆಗಳ ಹೆಸರೇ ಉಳಿದಿತ್ತು. ಮಹಿಳೆಯರ ಸರ್ಫಿಂಗ್ ಫೈನಲ್‌ನಲ್ಲಿ ನಿಶ್ಮಿತಾಳಿಗೆ ಸಿಕ್ಕಿದ್ದು ಕೆಳಮನೆ, ಅವಳ ಅಮ್ಮಮ್ಮನ ಮನೆಯ ಮೇಲೇ ಏಳುವ ಅಲೆ.

"ದಮ್ಮಯ್ಯ, ಇವತ್ತೊಂದಿನ ಅಲ್ಲಿ ಕಾಲೆತ್ಬೇಡ ಮಾರಾಯ್ತಿ. ಕಪ್ ನಮ್ದೇ," ಎಂದು ಕೋಚ್ ಬೇಡಿಕೊಂಡಿದ್ದರು.

ಹಲಗೆಯ ಮೇಲೆ ನಿಂತು ಅವಳು ಜಾರುತ್ತ ಬಂದಳು. ತಿಳಿನೀರಿನಡಿ ಹೆಂಚಿಲ್ಲದ ಮನೆಯ ತುಳಸಿಕಟ್ಟೆ, ಜಗಲಿ, ಆಮೇಲೆ ಹೊಸ್ತಿಲು. ಹುಟ್ಟಿದಾಗಿನಿಂದ ಮೆಟ್ಟದ ಹೊಸ್ತಿಲು. ಕಾಲು ತಾನಾಗಿಯೇ ಎದ್ದಿತು. ಹಲಗೆ ಒಂದು ಕಡೆ, ಅವಳೊಂದು ಕಡೆ.

ದಡದಲ್ಲಿ ಕೋಚ್ ಮುಖ ತಿರುಗಿಸಿದರು. ಅಮ್ಮಮ್ಮ ಸೆರಗಿನಿಂದ ಅವಳ ತಲೆ ಒರೆಸಿದರು.

"ಹೊಸ್ತಿಲ್ ಮೆಟ್ಲಿಲ್ಲ ಅಲ್ದಾ ಹೆಣೆ?"

"ಇಲ್ಲ ಅಮ್ಮಮ್ಮ, ದಾಟ್ದೆ."

"ಬಿದ್ದದ್ ಎಲ್ಲಿ?"

"ಒಳ್ಗೆ. ಅಡ್ಗಿಮನೆ ಒಳ್ಗೆ."

ತೊಟ್ಟಿಕ್ಕುತ್ತಿದ್ದ ಸೆರಗನ್ನು ಅಮ್ಮಮ್ಮ ಹಿಂಡಲಿಲ್ಲ. ಹಾಗೇ ಹೊದ್ದುಕೊಂಡರು.