ಕಾಗೆ ಮುಟ್ಟದ ಗ್ಲಾಸು

ನಾಲ್ಕನೆಯ ಬಾರಿನಿಂದಲೂ ಮುತ್ತು ಬರಿಗೈಯಲ್ಲೇ ಹೊರಬಿದ್ದ. ಕುರ್ಲಾ ಸ್ಟೇಶನ್ ಎದುರಿನ ಪಾನ್ ಅಂಗಡಿಯ ಪಕ್ಕ ಅವನ ಅತ್ತಿಗೆ ರಾಜಶ್ರೀ ಸೆರಗು ಬಿಗಿಹಿಡಿದು ನಿಂತಿದ್ದಳು. ಬಾರಿಗೆ ಹೋಗಿಬರುವ ಗಂಡಸರೆಲ್ಲ ಅವಳನ್ನೇ ನೋಡುತ್ತಿದ್ದರು. ನೋಡಲಿ, ಸುಡುಗಾಡು! ಅವಳಿಗೀಗ ನಾಚಿಕೆಯ ಪರಿವೆ ಇರಲಿಲ್ಲ.

"ಅಲ್ಲೂ ಅಣ್ಣನ ಫೋಟೋ ಗುರ್ತ ಹಿಡೀಲಿಲ್ರಿ ವೈನಿ" ಎಂದ ಮುತ್ತು.

ಊರಿನ ಮಾತು ಕಿವಿಗೆ ಬಿದ್ದಿದ್ದೇ ಪಾನ್ ಅಂಗಡಿಯ ಪರಪ್ಪ ಬಗ್ಗಿ ನೋಡಿದ. ಸಿಂದಗಿಯವನು, ಮುಂಬಯಿಗೆ ಬಂದು ಕೂದಲು ಹಣ್ಣು ಮಾಡಿಕೊಂಡವನು.

"ಹಂಗ ಕಂಡಕಂಡಲ್ಲಿ ಹೊಕ್ಕರ ಸಿಗೂದಿಲ್ಲೋ ತಮ್ಮಾ. ಕುಣಿತ ನೋಡಾವ್ರು ಬಣ್ಣದ ಲೈಟಿನ ಬಾರಿಗಿ ಹೋಗ್ತಾರ. ನಿಂತನಿಂತಲ್ಲೇ ಏರಿಸಾವ್ರು ಪರ್ಮಿಟ್ ರೂಮಿಗಿ. ನಮ್ಮ ಕಡಿ ಮಂದಿ ಬೀಳೂದು ಹಳೀ ಮಿಲ್ಲಿನ ಹಿಂದಿನ ಬಾರಿನಾಗ. ಅಲ್ಲಿ ಶೇಂಗಾ ಚಟ್ನಿ ಕೊಡ್ತಾರ ನೋಡು, ಅದಕ್ಕ." ಆಮೇಲೆ ರಾಜಶ್ರೀಯ ಕಡೆ ತಿರುಗಿದ. "ನೀ ಯಾಕ ತ್ರಾಸ ಮಾಡ್ಕೊತಿ ತಂಗಿ? ಅಮಲು ಇಳದ ಮ್ಯಾಲ ಗಂಡ ತಾನ ಮನಿಗಿ ಬರ್ತಾನ."

ರಾಜಶ್ರೀಯ ಕಣ್ಣು ತುಂಬಿ ಬಂತು. ಪಾಪ, ಪರಪ್ಪನಿಗೇನು ಗೊತ್ತು! ಅವಳ ಗಂಡ ಅಮಸಿದ್ದನನ್ನು ಊರಲ್ಲಿ, ತಾಂಬಾದ ಹೊಲದಲ್ಲಿ ಮಣ್ಣು ಮಾಡಿ ವರ್ಷ ದಾಟಿತ್ತು.

ಅಮಸಿದ್ದ ಮುಂಬಯಿಯಲ್ಲಿ ಗೌಂಡಿ ಕೆಲಸಕ್ಕಿದ್ದ. ಊರೂರಿನಿಂದ ಬಂದ ಕೂಲಿಗಳದ್ದೆಲ್ಲ ಒಂದೇ ಖೋಲಿ, ಬಟ್ಟೆ ಒಣಗಲು ಒಂದೇ ಹಗ್ಗ, ಕೈಗೆ ಸಿಕ್ಕಿದ್ದನ್ನು ತೊಟ್ಟು ಓಡುವುದು. ತೊಂಬತ್ತೈದರ ಮಳೆಗಾಲದಲ್ಲಿ ಕಟ್ಟುತ್ತಿದ್ದ ಮಾಳಿಗೆ ಕುಸಿಯಿತು. ಉಳಿದವರು ದಿಕ್ಕಾಪಾಲಾದರು. ಹೆಣ ಟೆಂಪೋದಲ್ಲಿ ಊರಿಗೆ ಬಂತು. ಮುಖ ನೋಡುವಂತಿರಲಿಲ್ಲ. ಅಂಗಿಯ ಜೇಬಿನ ಮೇಲೆ ತಾನೇ ಹಾಕಿದ ಹಸಿರು ದಾರದ ಹೂವು ಕಂಡು ರಾಜಶ್ರೀ ಚೀರಿ ಬಿದ್ದಳು. ಆ ಅಂಗಿಯ ಸಮೇತ ಮಣ್ಣು ಮಾಡಿದರು.

ಮೂರನೆಯ ದಿನ ಸಮಾಧಿಯ ಮೇಲೆ ಎಡೆ ಇಟ್ಟರು. ಹೋಳಿಗೆ, ತತ್ತಿ, ಬೀಡಿ. ಕಾಗೆ ಮುಟ್ಟಲಿಲ್ಲ. "ನನ್ನ ಮಗ ಕುಡಕ ಇದ್ದ, ಗ್ಲಾಸ ಇಡ್ರಿ" ಎಂದಳು ತಾಯಿ ಇಂದ್ರಾಬಾಯಿ, ಅಳುತ್ತಲೇ. ಸರಾಯಿ ಇಟ್ಟರು. ಅಮಾವಾಸ್ಯೆಗೆ ಇಂಡಿ ಪೇಟೆಯಿಂದ ಬ್ರಾಂಡಿ ತಂದಿಟ್ಟರು. ವರ್ಷದ ಕಾರ್ಯಕ್ಕೆ ವಿಸ್ಕಿ. ಕಾಗೆಗಳು ಬೇವಿನ ಮರದಲ್ಲಿ ಕೂತು ನೋಡಿ ಹಾರಿಹೋದವು. ಆಸೆ ತೀರದವನು ಅಲೆಯುತ್ತಿದ್ದಾನೆಂದು ಊರೆಲ್ಲ ಗುಸುಗುಸು.

ಅಲೆಯುತ್ತಲೇ ಇದ್ದ. ರಾಜಶ್ರೀ ಕಣ್ಣು ಮುಚ್ಚಿದರೆ ಸಾಕು, ಬಾಗಿಲಲ್ಲಿ ಬರಿಮೈಯಲ್ಲಿ ನಿಂತು "ನನ್ನ ಅಂಗಿ ಎಲ್ಲೈತಿ?" ಎಂದು ಕೇಳುತ್ತಿದ್ದ. ಅವಳು ಬೆವೆತು ಎದ್ದು ಕೂರುತ್ತಿದ್ದಳು. ನಿದ್ದೆ ಇಲ್ಲದೆ ಅರ್ಧ ಆಗಿಹೋಗಿದ್ದಳು.

ಮುದ್ದೇಬಿಹಾಳದ ಗುರಪ್ಪ ಅವಳನ್ನು ಉಡಿಕೆ ಮಾಡಿಕೊಳ್ಳಲು, ವಿಧವೆಗೆ ಮತ್ತೆ ತಾಳಿ ಕಟ್ಟಲು, ಒಪ್ಪಿದ್ದ. ಒಳ್ಳೆಯವನು. ಅವಳಿಗೂ ಮನಸ್ಸಿತ್ತು. ಅವನ ತಾಯಿ ಮಾತ್ರ ಖಡಾಖಂಡಿತ ಹೇಳಿದ್ದಳು: "ಕಾಗಿ ಮುಟ್ಟೂತನಾ ಉಡಿಕಿ ಇಲ್ಲ. ಸತ್ತವ ಬೆನ್ನ ಹತ್ತಿ ನಮ್ಮ ಮನಿಗೂ ಬರ್ತಾನ."

ಕಡೆಗೆ ಇಂದ್ರಾಬಾಯಿಯೇ ಸೊಸೆ, ಕಿರಿಮಗ ಮುತ್ತು ಇಬ್ಬರನ್ನೂ ರೈಲು ಹತ್ತಿಸಿದಳು. "ಮುಂಬಯಿಯೊಳಗ ಬ್ಯಾರೇ ರುಚಿ ಹತ್ತಿರಬೇಕು ಅವಗ. ಎಲ್ಲಿ ಕುಡೀತಿದ್ದ, ಏನ ಕುಡೀತಿದ್ದ ಕೇಳಿ ಅದನ್ನ ತರ್ರಿ. ಸತ್ತ ಮಗನ ಸಲುವಾಗಿ ಸೊಸಿ ಬಾಳೇ ಹಾಳಾಗೂದು ಬ್ಯಾಡ."

ಹಳೆಯ ಮಿಲ್ಲಿನ ಹಿಂದೆ ಪರಪ್ಪ ಹೇಳಿದ ಬಾರು ಸಿಕ್ಕಿತು. ಬಾಗಿಲಿಗೆ ಎಣ್ಣೆ ಜಿಡ್ಡಿನ ಪರದೆ, ಒಳಗೆ ನಗು, ಗ್ಲಾಸಿನ ಸದ್ದು. ಮುತ್ತು ಫೋಟೋ ಹಿಡಿದು ಒಳಹೋದ. ರಾಜಶ್ರೀ ಹೊರಗೆ ಕೈಮುಗಿದು ನಿಂತಳು. ದೇವರಿಗಲ್ಲ, ಗಂಡನಿಗೆ. ಹೇಳಿಬಿಡೋ ನನ್ನಪ್ಪಾ, ನಿನಗೆ ಬೇಕಾದ್ದು ಕೊಡುತ್ತೇನೆ, ನನ್ನನ್ನು ಬಿಟ್ಟುಬಿಡು.

ಮುತ್ತು ಬಹಳ ಹೊತ್ತು ಬರಲಿಲ್ಲ. ಬಂದಾಗ ತುಟಿ ಬೆಳ್ಳಗಾಗಿತ್ತು. ಕೈಯಲ್ಲಿ ಬಾಟಲಿ ಇರಲಿಲ್ಲ. ಮೆಟ್ಟಿಲ ಮೇಲೆ ಕುಸಿದು ಕೂತ.

"ಗುರ್ತ ಹಿಡದರೇನೋ?"

"ಹಿಡದರ್ರಿ."

ರಾಜಶ್ರೀಗೆ ಹೋದ ಜೀವ ಬಂದಂತಾಯಿತು. ವರ್ಷದ ಮೇಲೆ ಮೊದಲ ಸಲ ನಕ್ಕಳು. "ಏನ ಕುಡೀತಿದ್ನಂತ? ಲಗೂನ ಹೇಳೋ! ಇಡೀ ಬಾಟ್ಲಿ ಒಯ್ಯೂಣು."

ಮುತ್ತು ಪರದೆಯ ಕಡೆ ನೋಡಿದ. ಅವಳ ಮುಖ ನೋಡಿದ. ಅವನಿಗೆ ಅಳು ತಡೆಯಲಾಗಲಿಲ್ಲ.

"ಅಣ್ಣ ಒಳಗ ರೊಕ್ಕ ಎಣಿಸ್ಕೋತ ಗಲ್ಲಾದ ಮ್ಯಾಲ ಕುಂತಾನ್ರಿ ವೈನಿ. ಕುಡಿಯೂದು ಬಿಟ್ಟೇನಿ ಅಂದ."