ದೊಡ್ಡಪ್ಪನ ಹಸಿರಿನ ಮೇಲೆ

ಹೊಸ ಪೇಂಟಿನ ವಾಸನೆ ಮೂಗಿಗೆ ಬಡಿದರೆ ಇವತ್ತಿಗೂ ನಾನು ರಸ್ತೆ ದಾಟಿ ಆಚೆ ಬದಿಗೆ ಹೋಗುತ್ತೇನೆ.

ಬಾಪೂಜಿ ನಗರದ ನಮ್ಮ ಮನೆ ಭಾಗವಾದಾಗ ಕೆಳಗಿನ ಅಂತಸ್ತು ದೊಡ್ಡಪ್ಪನಿಗೆ ಹೋಯಿತು, ಮೇಲಿನದು ಅಪ್ಪನಿಗೆ ಬಂತು. ಅಣ್ಣತಮ್ಮಂದಿರ ನಡುವೆ ಮಾತು ನಿಂತಿತು. ಯುಗಾದಿಗೆ ಮುಂಚೆ ದೊಡ್ಡಪ್ಪ ಯಾರನ್ನೂ ಕೇಳದೆ ಕೆಳಗಿನ ಅರ್ಧಕ್ಕೆ ಮಾತ್ರ ತಿಳಿ ಹಸಿರು ಹೊಡೆಸಿದ. ಅಪ್ಪ ಕುದಿದುಹೋದ. ಮರುದಿನವೇ ಪೇಂಟರನ್ನು ಕರೆಸಿ, ಆ ಹಸಿರಿಗೆ ತಾಗುವ ಹಾಗೆ ನಮ್ಮ ಗೋಡೆಯ ಮೇಲೆ ನಾಲ್ಕಾರು ಬಣ್ಣಗಳ ಪಟ್ಟೆ ಬಳಿಸಿ, ಎದುರು ಫುಟ್‌ಪಾತಿನಲ್ಲಿ ನಿಂತ.

"ಆ ಕೆನೆ ಬಣ್ಣ ಚೆನ್ನಾಗಿದೆ ಅಲ್ವೇನ್ರೀ?" ಎಂದಳು ಅಮ್ಮ.

"ಚೆನ್ನಾಗಿರೋದು ಯಾರಿಗೆ ಬೇಕು? ಅವನ ಹಸಿರನ್ನ ಕೆಡಿಸೋದು ಯಾವ್ದು, ಅದನ್ನ ಹೇಳು."

ಅಮ್ಮ ನನ್ನ ಕೈ ಹಿಡಿದು ಒಳಗೆ ಎಳೆದುಕೊಂಡು ಹೋದಳು. ಅಪ್ಪ ಬದನೆಕಾಯಿ ಬಣ್ಣ ಆರಿಸಿದ.

ಕೊನೆಯ ಕೋಟು ಒಣಗುತ್ತಿದ್ದ ಮಧ್ಯಾಹ್ನ ದೊಡ್ಡಪ್ಪ ಗೇಟು ತೆಗೆದು ಹೊರಬಂದು, ಎದುರು ಫುಟ್‌ಪಾತಿನಲ್ಲಿದ್ದ ಅಪ್ಪನ ಪಕ್ಕದಲ್ಲೇ ನಿಂತು ತಲೆಯೆತ್ತಿ ನೋಡಿದ. ಭಾಗವಾದ ಮೇಲೆ ಅಪ್ಪನಿಗೆ ಅವನು ಆಡಿದ ಮೊದಲ ಮಾತು ಅದು.

"ನಿಂಗೆ ಸರಿಯಾಗಿ ಒಪ್ಪತ್ತೆ ಕಣೋ."

ಆ ಬಣ್ಣ ಇದ್ದಷ್ಟು ವರ್ಷವೂ ಅಪ್ಪ ತಲೆ ತಗ್ಗಿಸಿಕೊಂಡೇ ಮನೆಗೆ ಬರುತ್ತಿದ್ದ.