ಚಿಹೋರಿಯ ಹೊಸ ಹಾಡು

"ಶೀತಲ್, ನಮ್ಮ ಮನೀಷಾಗ ಏನ ಬರದೀಬೇ ನೀ?" ಫೋನಿನಲ್ಲಿ ದೊಡ್ಡವ್ವ ಶೇವಂತಿಯ ದನಿ ನಡುಗುತ್ತಿತ್ತು. "ರಾಜೀನಾಮಿ ಬರದ ಇಟ್ಟಾಳ. ನಾಳಿ ಸಾಲಿ ಸುರು, ಹೆಡ್‌ಮಾಸ್ತರ ಕೈಯಾಗ ಕೊಟ್ಟ ಬರತೇನಿ ಅಂತಾಳ. ಯಾಕವಾ ಅಂದ್ರ, ಶೀತಲ್‌ನ ಕೇಳು ಅಂದ್ಲು."

"ನಾ ಅಕ್ಕಗ ಏನೂ ಬರದಿಲ್ಲ ದೊಡ್ಡವ್ವ."

ಫೋನ್ ಇಟ್ಟ ಮೇಲೆ ಶೀತಲ್‌ಗೆ ಹೊಳೆಯಿತು. ಬುಧವಾರ ಬರೆದದ್ದು! ಉಟ್ಟ ಬಟ್ಟೆಯಲ್ಲೇ ಓಡಿ ರಬಕವಿಯಿಂದ ಜಮಖಂಡಿ ಬಸ್ಸು ಹತ್ತಿದಳು.

ಜಪಾನಿನ ಹೊಸ ಹಾಡುಗಳು ಬಿಡುಗಡೆಯಾಗುವುದು ಬುಧವಾರ. ನೇಕಾರರ ಸೊಸೈಟಿಯಲ್ಲಿ ಕಂಪ್ಯೂಟರ್ ಮುಂದೆ ದುಡಿಯುವ ಶೀತಲ್ ಅಂದು ಸಂಜೆ ಎಲ್ಲವನ್ನೂ ಕೇಳಿ, ಫೇಸ್‌ಬುಕ್ಕಿನ ತನ್ನ ಪುಟದಲ್ಲಿ ಇಂಗ್ಲಿಷಿನಲ್ಲಿ ಅಭಿಪ್ರಾಯ ಬರೆಯುತ್ತಿದ್ದಳು. ಹಾಡಿನ ವಿಷಯದಲ್ಲಿ ಅವಳದು ಮುಲಾಜಿಲ್ಲದ ಬಾಯಿ. ಈ ವಾರ ಮೂರು ಹಾಡು. ಒಂದಕ್ಕೆ, ಸೀರೆಗೆ ಅನ್ನುವಂತೆ, ಸೆರಗು ಚಂದ, ಒಡಲಿನ ನೇಯ್ಗೆ ಜಾಳು ಎಂದಿದ್ದಳು. ಇನ್ನೊಂದರಲ್ಲಿ ಡ್ರಮ್ಮಿನ ಗದ್ದಲದೊಳಗೆ ಹಾಡುವವಳನ್ನು ಹುಡುಕಬೇಕು ಎಂದಿದ್ದಳು. ಮೂರನೆಯದು ಗಾಯಕಿ ಚಿಹೋರಿಯದು. ಗಂಟಲಿನ ಆಪರೇಷನ್ ಆಗಿ ವರ್ಷದ ಮೇಲೆ ಆಕೆ ಹಾಡಿದ ಮೊದಲ ಹಾಡು.

ಬಸ್ಸಿನಲ್ಲಿ ಮೊಬೈಲ್ ತೆಗೆದು ತಾನು ಬರೆದದ್ದನ್ನು ಮತ್ತೆ ನೋಡಿದಳು. ಮುನ್ನೂರು ಜನ ಭೇಷ್ ಎಂದಿದ್ದರು. ದೊಡ್ಡವ್ವನ ಮಗಳು, ಶಾಲೆಯ ಟೀಚರ್ ಮನೀಷಾಳ ಗಂಟಲ ಗಡ್ಡೆ ತೆಗೆದು ಆಗಲೇ ಆರು ತಿಂಗಳು. ಈ ಹಾಡುಗಳ ಹುಚ್ಚು ಹಿಡಿಸಿದವಳೇ ಆ ಅಕ್ಕ, ಈ ಪುಟವನ್ನು ತಪ್ಪದೆ ಓದುವವಳೂ ಅವಳೇ. ಆದರೂ ಬರೆಯುವಾಗ ಅವಳ ಮುಖ ಒಂದು ಸಲವೂ ಕಣ್ಣೆದುರು ಬಂದಿರಲಿಲ್ಲ.

ಮನೀಷಾ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದಳು. ಪಕ್ಕದಲ್ಲಿ ಮುಚ್ಚಿದ ಲಕೋಟೆ.

"ಅಕ್ಕಾ, ಅದು ನಿನಗ ಬರದದ್ದಲ್ಲ."

"ಗೊತ್ತೈತಿ." ತಗಡಿನ ಮೇಲೆ ಉಸುಕು ಎಳೆದಂಥ ದನಿ. "ನನಗ ಅಂತ ಬರದಿದ್ರ ಸುಳ್ಳ ಬರೀತಿದ್ದಿ. ಅದಕ್ಕ ನಂಬೀನಿ. ಈಗ ಅದನ್ನ ಕನ್ನಡದಾಗ ಓದು. ಅವ್ವಗೂ ತಿಳೀಲಿ."

ಶೇವಂತಿ ಹಿಟ್ಟಿನ ಕೈಯಲ್ಲೇ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತಳು. ಶೀತಲ್ ಮೊಬೈಲ್ ನೋಡುತ್ತ ಸುರುಮಾಡಿದಳು. "ದನಿ ಒಡದೈತಿ. ಮ್ಯಾಲಿನ ಸ್ವರಕ್ಕ ಹೋದಾಗ ಬರೇ ಉಸರ ಕೇಳತೈತಿ..." ಇಂಗ್ಲಿಷಿನಲ್ಲಿ ಚುರುಕಾಗಿ ಕಂಡಿದ್ದ ಮಾತು ಮನೆಯ ಭಾಷೆಗೆ ಬಂದೊಡನೆ ನಾಲಗೆಗೆ ಚುಚ್ಚತೊಡಗಿತು. "ಒಮ್ಮಿ ಹೋದ ದನಿ ತಿರಗಿ ಬರಾಂಗಿಲ್ಲ. ಮನ್ಯಾಗ ಇರಬೇಕಾದವರು ಹಟಾ ಹಿಡದ ಬಂದ್ರ... ಕೇಳವರಿಗೆ ಶಿಕ್ಷಾ."

"ಇದನ್ನ ಯಾರಿಗಂದೀ?" ಶೇವಂತಿ ಕೇಳಿದಳು.

"ಜಪಾನದಾಕಿಗೆ ದೊಡ್ಡವ್ವ."

"ಆಕಿಗೂ ಅವ್ವ ಇರಬೇಕಲ್ಲ?"

ಮನೀಷಾ ತನ್ನ ಮೊಬೈಲಿನಲ್ಲಿ ಹಾಡು ಹಚ್ಚಿ ನೆಲದ ಮೇಲಿಟ್ಟಳು. "ಈಗ ಮತ್ತೊಮ್ಮಿ ಕೇಳು. ತಪ್ಪ ಬರದೆ ಅನಸಿದ್ರ ತಪ್ಪು ಅನ್ನು. ಇಲ್ಲೇ ಈ ಪತ್ರ ಹರೀತೇನಿ."

ಒಂದೇ ಒಂದು ಸುಳ್ಳು ಸಾಕಿತ್ತು. ನಾಲ್ಕು ನಿಮಿಷದ ಹಾಡು ಮುಗಿಯಲೇ ಇಲ್ಲವೇನೋ ಎನ್ನಿಸಿತು. ಚಿಹೋರಿ ಮೇಲಿನ ಸ್ವರಕ್ಕೆ ಕೈಚಾಚಿದಳು, ದನಿ ಸೀಳಿತು. ದೊಡ್ಡವ್ವ ಕಣ್ಣಲ್ಲೇ ಶೀತಲ್‌ಳನ್ನು ಬೇಡಿಕೊಳ್ಳುತ್ತಿದ್ದಳು. ಹೇಳಿಬಿಡಲೇ? ಆದರೆ ಅಕ್ಕನ ಕಿವಿಯೇನು ಕಡಿಮೆಯದೇ? ಸುಳ್ಳೆಂದು ಗೊತ್ತಾದ ಮೇಲೆ ಇನ್ನಾರ ಮಾತನ್ನು ನಂಬಿಯಾಳು?

"ದನಿ ಒಡದೈತಿ ಅಕ್ಕ," ಎಂದಳು ಶೀತಲ್. ಶೇವಂತಿ ಹಣೆ ಬಡಿದುಕೊಂಡಳು. "ಅದು ಖರೆ. ಆಕಿ ಮನ್ಯಾಗ ಇರಬೇಕಿತ್ತು ಅಂದದ್ದು ಖರೆ ಅಲ್ಲ. ಅದು ನನಗೇನ ಗೊತ್ತು? ಗೊತ್ತಿಲ್ಲದ್ದನ್ನ ಗೊತ್ತಿದ್ದಾಂಗ ಬರದೆ. ತಪ್ಪಾತು."

ಮನೀಷಾ ಲಕೋಟೆಯನ್ನು ಹರಿಯಲಿಲ್ಲ, ಕೈಚೀಲಕ್ಕೆ ಹಾಕಿಕೊಂಡಳು. "ನಾಳಿ ನೀನೂ ಸಾಲಿಗೆ ಬಾ. ಹಿಂದ ಕುಂಡ್ರು. ನನ್ನ ದನಿ ಕೇಳಿ ಹೇಳು."

ಮರುದಿನ ಎರಡನೆಯ ತರಗತಿಯ ಕೊನೆಯ ಬೆಂಚಿನಲ್ಲಿ, ಮೊಣಕಾಲು ಮಡಚಿಕೊಂಡು ಶೀತಲ್ ಕೂತಿದ್ದಳು. ರಜೆ ಮುಗಿಸಿ ಬಂದ ನಲವತ್ತು ಮಕ್ಕಳ ಗದ್ದಲ. ಲಕೋಟೆಯಿದ್ದ ಕೈಚೀಲ ಮೇಜಿನ ಮೇಲಿತ್ತು. ಮನೀಷಾ ಹಾಜರಿ ಪುಸ್ತಕ ತೆರೆದು ಮೊದಲ ಹೆಸರು ಕೂಗಿದಳು. "ಕಾವೇರಿ." ನಡುವಿನ ಅಕ್ಷರ ಗಂಟಲಲ್ಲೇ ಸಿಕ್ಕಿಕೊಂಡು ಬರೀ ಗಾಳಿ ಬಂತು.

"ಕೇಳಸಲಿಲ್ರೀ ಟೀಚರ್!" ಹಿಂದಿನಿಂದ ಒಂದು ಪೋರಿ ಒದರಿತು. ಮಕ್ಕಳೆಲ್ಲ ಗೊಳ್ಳೆಂದು ನಕ್ಕವು.

ಮನೀಷಾಳ ಕೈ ಮೇಜಿನ ಮೇಲಿನ ಚೀಲದತ್ತ ಹೋಯಿತು. ಶೀತಲ್ ಬೆಂಚಿನ ಅಂಚನ್ನು ಬಿಗಿಯಾಗಿ ಹಿಡಿದಳು. ಆ ಕೈ ಚೀಲದ ಬಳಿ ತುಸು ತಡೆದು, ಅದರಾಚೆಗಿದ್ದ ಪೆನ್ನನ್ನು ಎತ್ತಿಕೊಂಡಿತು. ಮನೀಷಾ ಪುಸ್ತಕ ಹಿಡಿದು ಬೆಂಚುಗಳ ನಡುವೆ ನಡೆದು ಬಂದಳು. ಒಂದೊಂದು ಮಗುವಿನ ಮುಂದೆಯೂ ಬಾಗಿ, ಅದರ ಮುಖ ನೋಡಿ, ಅದಕ್ಕಷ್ಟೇ ಕೇಳುವಂತೆ ಅದರ ಹೆಸರು ಹೇಳಿದಳು. ಅಂದು ಹಾಜರಿ ಮುಗಿಯಲು ಅರ್ಧ ತಾಸು ಹಿಡಿಯಿತು.